ಪರದೆಯ ಒಳಗಿನ ಕುರ್ಚಿ

ರಾಯಚೂರು, ೧೯೭೮

ಖಾನಾವಳಿಯ ಮಾಲಕರಾದ ಚೆನ್ನಬಸಪ್ಪನವರಿಗೆ ನಮಸ್ಕಾರಗಳು.

ತಿಂಗಳ ಊಟದ ಕಾಯಂ ಗಿರಾಕಿಗಳಿಗೂ ಅವರ ಮನೆಯವರಿಗೂ ಪರದೆಯ ಒಳಗಿನ ಫ್ಯಾನಿನ ಕೋಣೆ ಎಂದು ಬೋರ್ಡು ಬರೆಸಿದವರು ತಾವೇ! ನಾಟಕದಲ್ಲಿ ದುರ್ಯೋಧನನ ಪಾತ್ರ ಕಟ್ಟುವ ನನ್ನನ್ನು ದಿನವೂ “ಬರ್ರಿ ಮಹಾರಾಜ್ರ” ಎಂದು ಒಳಗೆ ಕರೆದವರೂ ತಾವೇ! ನಿನ್ನೆ ದೇವದುರ್ಗದಿಂದ ಬಂದ ನನ್ನ ತಾಯಿ ಗೋಪಮ್ಮನ ಮೈಮೇಲಿನ ಕೂಲಿಯವರ ಸೀರೆ ಕಂಡೊಡನೆ “ಆಕಿ ಹೊರಗ ಕುಂಡ್ರಲಿ” ಎಂದಿರಲ್ಲ, ಏನಿದು ಅನ್ಯಾಯ!

“ಇರ್ಲಿ ಬಿಡಪ್ಪಾ, ಹೊರಗ ಗಾಳಿ ಚಲೋ ಅದ” ಎಂದಳು ಅವ್ವ.

ನಾಳೆ ಮಧ್ಯಾಹ್ನ ಮತ್ತೆ ಬರುತ್ತೇವೆ. ತಾವೇ ಎದ್ದು ಅವಳನ್ನು ಒಳಗೆ ಕೂಡಿಸಬೇಕು. ಅವಳನ್ನು ಒಳಗೆ ಬಿಡಿ, ಅವಳು ಕುಡಿದ ಲೋಟ ನಾನೇ ತೊಳೆದಿಡುತ್ತೇನೆಂದು ನಿನ್ನೆ ಅಂಗಲಾಚಿದ್ದೆ. ನಾಳೆ ತೊಳೆಯುವುದಿಲ್ಲ.

ಇಂತಿ ತಮ್ಮ ಕಾಯಂ ಗಿರಾಕಿ,
ಮೂಕಪ್ಪ