ಏಳನೇ ತರಗತಿಯಲ್ಲಿ ಗೌತಮಿ

ಕಗ್ಗದಾಸಪುರ, ಬೆಂಗಳೂರು
ಭಾನುವಾರ, 9 ನವೆಂಬರ್ 2025

ಪ್ರೀತಿಯ ಕಾವೇರಿ,

ಈಗ ತಾನೇ ನೀನು ಫೋನು ಇಟ್ಟೆ. ಗೌತಮಿ ಉಂಡು ಮಲಗಿದ್ದಾಳೆ. ನಿನ್ನ ಹಿಮ್ಮಡಿಯ ಗುಳ್ಳೆ ಒಣಗಿತೇ ಎಂದು ಕೇಳಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ನಿನ್ನ ಹಿಂದೆ ಸಾಲಿನಲ್ಲಿ ನಿಂತವರು ಗದ್ದಲ ಎಬ್ಬಿಸಿದರು. ಪೆರೇಡಿನ ಅಭ್ಯಾಸ ಜೋರಾಗಿದೆ ಎಂದೆಯಲ್ಲ, ಬೂಟಿನೊಳಗೆ ಸ್ವಲ್ಪ ಹತ್ತಿ ಇಟ್ಟುಕೋ. ಕಲಬುರಗಿಯ ಬಿಸಿಲು ಈ ತಿಂಗಳಲ್ಲೂ ಸುಡುತ್ತದೆ, ನೀರು ಕುಡಿಯುವುದನ್ನು ಮರೆಯಬೇಡ. ಕೆಮ್ಮು ಕಡಿಮೆಯಾದ ಹಾಗೆ ಕೇಳಿಸಿತು. ಆಗಿಲ್ಲದಿದ್ದರೆ ಅಲ್ಲಿನ ಡಾಕ್ಟರಿಗೆ ತೋರಿಸು, ಶುಂಠಿ ಕಷಾಯ ಕುಡಿದುಕೊಂಡೇ ದಿನ ದೂಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಗೌತಮಿ ಎತ್ತರವಾಗಿದ್ದಾಳೆ, ಯುಗಾದಿಗೆ ಹೊಲಿಸಿದ ಫ್ರಾಕು ಮೊಣಕಾಲಿನ ಮೇಲೆ ಹೋಗಿದೆ.

ಚೆನ್ನಾಗಿದ್ದೇವೆ ಎಂದು ಬರೆದೆ. ಆದರೆ ನನಗೆ ಸಿಟ್ಟು ಬಂದಿದೆ ಕಾವೇರಿ, ಅದರಲ್ಲಿ ಒಂದಿಷ್ಟು ನಿನ್ನ ಮೇಲೂ ಇದೆ. ಪೊಲೀಸ್ ಟ್ರೈನಿಂಗಿನಲ್ಲಿ ಮೊಬೈಲು ಕಿತ್ತಿಟ್ಟುಕೊಳ್ಳುತ್ತಾರೆ, ಭಾನುವಾರ ಐದು ನಿಮಿಷ ಮಾತ್ರ ಮಾತಾಡಲು ಬಿಡುತ್ತಾರೆ, ಅದು ನಿನ್ನ ತಪ್ಪಲ್ಲ. ಆದರೆ ಆ ಐದು ನಿಮಿಷವೂ ನೀನು ಕೇಳುವುದು, ‘ಉಂಡಾಳೇನು? ತಲಿಗೆ ಎಣ್ಣಿ ಹಚ್ಚಿಯೇನು? ಉಗುರು ತಗದಿಯೇನು?’ ಎಂದು. ಮಗಳನ್ನು ಯಾರೋ ಗೊತ್ತಿಲ್ಲದವನ ಹತ್ತಿರ ಬಿಟ್ಟು ಹೋದ ಹಾಗೆ. ಗುರುವಾರ ನನ್ನ ಬೋಧನಾ ಪರೀಕ್ಷೆ ಇತ್ತೆಂದು ನಿನಗೆ ಹೇಳಿದ್ದೆ. ಪರೀಕ್ಷಕರ ಎದುರು ಆ ಒಂದು ಪಾಠವನ್ನು ಮಾಡಿ ತೋರಿಸದಿದ್ದರೆ ಇಡೀ ಬಿ.ಎಡ್. ದಂಡ ಎಂದೂ ಹೇಳಿದ್ದೆ. ಅದು ಹೇಗಾಯಿತು ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ದಿನಚರಿ ಕೇಳು. ಗೌತಮಿಯ ನರ್ಸರಿಯ ವಾಟ್ಸ್ಯಾಪ್ ಗುಂಪಿನಲ್ಲಿ ನನ್ನ ಹೆಸರು ‘ಗೌತಮಿ ಮಮ್ಮಿ’ ಎಂದಿದೆ. ಬದಲಾಯಿಸಿ ಎಂದು ಟೀಚರಿಗೆ ಹೇಳಿದೆ. ‘ಎಲ್ಲಾರ್ದೂ ಹಂಗೇ ಸೇವ್ ಮಾಡ್ಕೊಂಡಿದೀನಿ ಸರ್, ಕನ್ಫ್ಯೂಸ್ ಆಗುತ್ತೆ’ ಎಂದರು. ಮಗಳಿಗೆ ಹಲ್ಲುನೋವು ಎಂದರೆ ‘ಮಮ್ಮಿಗೆ ಹೇಳಿ ಸರ್’, ನಾಳೆ ಹಳದಿ ಬಟ್ಟೆ ಹಾಕಿ ಕಳಿಸಬೇಕೆಂದರೂ ‘ಮಮ್ಮಿಗೆ ಹೇಳಿ ಸರ್’. ಆ ಮಮ್ಮಿ ನಾನೇ ಎಂದು ಹೇಳಿ ಹೇಳಿ ಸಾಕಾಗಿ, ಈಗ ಆಯಿತು ಹೇಳುತ್ತೇನೆ ಎಂದು ಬಂದುಬಿಡುತ್ತೇನೆ. ಸಂಜೆ ಪುಸ್ತಕ ತೆಗೆದರೆ ಗೌತಮಿ ಅದರ ಮೇಲೆಯೇ ಬಂದು ಕೂರುತ್ತಾಳೆ. ಮಗುವಿನ ಕಲಿಕೆಗೆ ಪ್ರಶಾಂತ ವಾತಾವರಣ ಬೇಕು ಎಂಬ ಸಾಲಿನವರೆಗೂ ಮನೋವಿಜ್ಞಾನ ಓದಿದ್ದೇನೆ, ಅಲ್ಲಿಂದ ಮುಂದೆ ಹೋಗಲು ಮಗು ಬಿಟ್ಟಿಲ್ಲ. ಜಡೆ ಹಾಕುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ, ನಂಬು. ಎರಡೂ ಕಡೆ ಸಮನಾಗಿ ಬರುತ್ತವೆ.

ಬುಧವಾರ ಸಂಜೆ ಪಾಠಕ್ಕೆಂದು ಶ್ವಾಸಕೋಶದ ಮಾದರಿ ಮಾಡಿದೆ. ದೊಡ್ಡ ನೀರಿನ ಬಾಟಲಿಯ ತಳ ಕತ್ತರಿಸಿ, ಒಳಗೆ ಎರಡು ಗುಲಾಬಿ ಬಲೂನು ಇಳಿಬಿಟ್ಟು, ತಳಕ್ಕೆ ಇನ್ನೊಂದು ಬಲೂನು ಬಿಗಿಯಾಗಿ ಕಟ್ಟಿದೆ. ಕೆಳಗಿನದನ್ನು ಎಳೆದರೆ ಒಳಗಿನವು ಉಬ್ಬುತ್ತವೆ. ನಮ್ಮ ಎದೆಯ ಕೆಳಗೆ ಇರುವ ವಪೆ ಎಂಬ ಪೊರೆ ಹೀಗೆಯೇ ಕೆಳಗಿಳಿದು ಉಸಿರು ಒಳಗೆ ಬರುತ್ತದೆ ಎಂದು ಮಕ್ಕಳಿಗೆ ತೋರಿಸುವುದಕ್ಕೆ. ಗೌತಮಿಗೆ ಆ ಬಲೂನು ಆಗಲೇ ಬೇಕಾಗಿತ್ತು. ಪಾಠ ಮುಗಿದ ಮೇಲೆ ಕೊಡುತ್ತೇನೆ ಎಂದು ಮಲಗಿಸಿದೆ. ಬೆಳಗ್ಗೆ ಎದ್ದರೆ ನರ್ಸರಿಯ ಮುಂದೆ ರಸ್ತೆ ಅಗೆದು ಹಾಕಿದ್ದಾರೆ, ರಜೆ. ಮಧ್ಯಾಹ್ನದ ಹೊತ್ತು ಅವಳನ್ನು ನೋಡಿಕೊಳ್ಳುವ ನಮ್ಮ ಮನೆಯ ಓನರು ಮುನಿವೆಂಕಟಮ್ಮ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕೆ.ಆರ್. ಪುರಕ್ಕೆ ಹೊರಟು ನಿಂತಿದ್ದರು. ‘ಒಂದಿನ ರಜಾ ಹಾಕ್ಬಿಡಪ್ಪಾ, ಏನಾಯ್ತೀಗ? ಹುಡ್ಗೀನ ಬಿಟ್ಟು ಗಂಡಸು ಏನ್ ಓದೋದದೆ’ ಎಂದು ಆಟೋ ಹತ್ತಿದರು. ಪಾಪ, ಕೆಟ್ಟ ಮನಸ್ಸಿನವರಲ್ಲ. ಅವರಿಲ್ಲದಿದ್ದರೆ ನಾನು ಇಷ್ಟು ದಿನ ಕಾಲೇಜಿನ ಮುಖ ನೋಡುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಆ ಮಾತು ಕೇಳಿ ಮೈ ಉರಿಯಿತು.

ಬೇರೆ ದಾರಿಯಿಲ್ಲದೆ ಅವಳನ್ನು ಎತ್ತಿಕೊಂಡು ಹೊರಟೆ. ರೈಲ್ವೆ ಗೇಟು ಹಾಕಿತ್ತು. ಗಾಡಿಗಳ ನಡುವೆ ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು ನಿಂತೆ. ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ತಪಾಸಣೆಯವರು ಅದನ್ನು ತಿರುಗಿಸಿ ನೋಡಿ ‘ಏನ್ ಸರ್ ಇದು?’ ಎಂದು ಕೇಳಿದರು. ಶ್ವಾಸಕೋಶ ಎಂದೆ. ‘ನಂದು’ ಎಂದಳು ಗೌತಮಿ. ಎಂ.ಜಿ. ರಸ್ತೆಯಲ್ಲಿ ಇಳಿದು, ಬಸ್ಸಿನಲ್ಲಿ ಒಂದು ಕಾಲಿನ ಮೇಲೆ ನಿಂತು ಶಿವಾಜಿನಗರ ಮುಟ್ಟಿದಾಗ ನನ್ನ ಇಸ್ತ್ರಿ ಅಂಗಿಯ ಮೇಲೆ ಅವಳ ಬಿಸ್ಕತ್ತಿನ ಬೆರಳಿನ ಗುರುತುಗಳಿದ್ದವು. ಪರೀಕ್ಷೆಯ ಪಾಠ ಮಾಡಬೇಕಿದ್ದ ಶಾಲೆಯ ಗೇಟಿನಲ್ಲಿ ಸಾಲೇಹಾ ಸಿಕ್ಕಳು. ನನ್ನ ಜೊತೆ ಓದುತ್ತಾಳೆ ಎಂದಿದ್ದೆನಲ್ಲ, ಎರಡು ಮಕ್ಕಳ ತಾಯಿ, ಅವಳೇ. ಅವಳ ತವರುಮನೆ ಶಾಲೆಯ ಹಿಂದಿನ ಗಲ್ಲಿಯಲ್ಲೇ ಇದೆ. ‘ಅಮ್ಮಿ ಹತ್ರ ಬಿಟ್ಟು ಬರ್ತೀನಿ ಕೊಡು’ ಎಂದು ಕೈ ಚಾಚಿದಳು. ಗೌತಮಿ ನನ್ನ ಕೊರಳಿಗೆ ಜೋತುಬಿದ್ದು ಕೂಗಾಡಿದ್ದಕ್ಕೆ ಬೀದಿಯವರೆಲ್ಲ ತಿರುಗಿ ನೋಡಿದರು. ಕೊನೆಗೆ ಸಾಲೇಹಾಳೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಳು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಪರೀಕ್ಷಕರು, ನಮ್ಮ ಮೇಷ್ಟ್ರು ಭಗವಂತರಾಯರು. ಮಗುವನ್ನು ನೋಡಿದರು, ಶುರು ಮಾಡಿ ಎಂದು ನನಗೆ ಕೈಸನ್ನೆ ಮಾಡಿದರು.

ಪಾಠ ಚೆನ್ನಾಗಿ ಶುರುವಾಯಿತು ಕಾವೇರಿ. ಏಳನೇ ತರಗತಿಯ ಮಕ್ಕಳು, ಚುರುಕು. ಬಾಟಲಿಯ ತಳದ ಬಲೂನು ಎಳೆದೆ, ಒಳಗಿನವು ಉಬ್ಬಿದವು, ಮಕ್ಕಳು ಓ ಎಂದರು. ಆ ‘ಓ’ ಕೇಳಿದವಳೇ ಗೌತಮಿ ಸಾಲೇಹಾಳ ತೊಡೆಯಿಂದ ಜಾರಿ, ಬೆಂಚುಗಳ ನಡುವೆ ನಡೆದು ಬಂದು ನನ್ನ ಪ್ಯಾಂಟು ಜಗ್ಗಿದಳು. ‘ಅಪ್ಪಾ, ಪಾಠ ಆಯ್ತಾ? ಬಲೂನ್ ಕೊಡು.’ ತರಗತಿ ಗೊಳ್ಳೆಂದಿತು. ಅವಳನ್ನು ವಾಪಸು ಕಳಿಸಿದರೆ ಅಳುತ್ತಾಳೆ, ಬಲೂನು ಬಿಚ್ಚಿ ಕೊಟ್ಟರೆ ಪಾಠವೇ ಇಲ್ಲ. ಏನು ತೋಚಿತೋ, ಅವಳನ್ನೆತ್ತಿ ಮೇಜಿನ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಒಂದು ತೆಳು ಪುಸ್ತಕ ಇಟ್ಟೆ. ಉಸಿರು ಎಳೆದುಕೊಂಡಾಗ ಪುಸ್ತಕ ಏನಾಗುತ್ತದೆ ನೋಡಿ ಎಂದೆ. ಮಕ್ಕಳು ಎದ್ದು ಬಂದು ಮೇಜಿನ ಸುತ್ತ ನಿಂತರು. ಪುಸ್ತಕ ಏಳುತ್ತಿತ್ತು, ಇಳಿಯುತ್ತಿತ್ತು. ಗೌತಮಿಗೆ ಖುಷಿಯೋ ಖುಷಿ. ಯಮುನಾ ಎಂಬ ಹುಡುಗಿ ‘ಸರ್, ನಿದ್ದೆ ಮಾಡ್ವಾಗ ವಪೆಗೆ ಯಾರ್ ಹೇಳ್ತಾರೆ ಕೆಲ್ಸ ಮಾಡು ಅಂತ?’ ಎಂದು ಕೇಳಿದಳು. ಇಂಥ ಪ್ರಶ್ನೆಗಾಗಿ ಅಲ್ಲವೇ ನಾನು ಮೇಷ್ಟ್ರಾಗಬೇಕು ಅಂದುಕೊಂಡದ್ದು? ಉತ್ತರ ಹೇಳಲು ಬಾಯಿ ತೆರೆದೆ, ಹಿಂದಿನಿಂದ ಭಗವಂತರಾಯರು ‘ನಿಲ್ಲಿಸ್ರೀ’ ಎಂದರು.

ಹೊರಗೆ ವರಾಂಡಕ್ಕೆ ಕರೆದರು. ‘ಇದ್ಯಾವ ಬೋಧನೋಪಕರಣ ರೀ? ನೀವು ಬರ್ಕೊಟ್ಟಿರೋ ಪಾಠಯೋಜನೆಯಲ್ಲಿ ಮಗು ಎಲ್ಲಿದೆ?’ ಎಂದು ಕೇಳಿದರು. ನರ್ಸರಿಯ ರಜೆಯಿಂದ ಹಿಡಿದು ಎಲ್ಲ ಹೇಳಿದೆ. ‘ಮನೇಲಿ ಹೆಂಗಸರು ಯಾರೂ ಇಲ್ವಾ?’ ಎಂದರು. ನಾನು ಬಾಯಿ ಬಿಡುವ ಮೊದಲೇ ಸಾಲೇಹಾ ಗೌತಮಿಯನ್ನು ಎತ್ತಿಕೊಂಡು ಬಂದು, ‘ಸರ್, ಹೋದ್ ತಿಂಗ್ಳು ನಾನೂ ನಮ್ ಚಿಕ್ಕೋನ್ನ ಕರ್ಕೊಂಡ್ ಬಂದಿದ್ನಲ್ಲ. ಪಾಠದ ಮಧ್ಯ ಅತ್ತಾಗ ನೀವೇ ಎತ್ಕೊಂಡ್ರಿ. ತಾಯಿ ಅಂದ್ರೆ ಹೀಗಿರ್ಬೇಕು ಅಂತ ಕ್ಲಾಸಲ್ಲಿ ಹೇಳಿದ್ರಿ’ ಎಂದಳು. ‘ನಿಮ್ಮದು ಬೇರೆ ವಿಷ್ಯಮ್ಮಾ, ನೀವು ತಾಯಿ’ ಎಂದರು ಅವರು. ‘ನಾನು ಅಪ್ಪ ಸರ್’ ಎಂದೆ. ‘ಇವಳ ತಾಯಿ ಕಲಬುರಗಿಯಲ್ಲಿ ಪೊಲೀಸ್ ಟ್ರೈನಿಂಗ್‌ನಲ್ಲಿದ್ದಾಳೆ, ಮನೆಯಲ್ಲಿರೋ ಹೆಂಗಸೂ ನಾನೇ, ಗಂಡಸೂ ನಾನೇ’ ಎಂದೆ. ಅವರು ಕನ್ನಡಕ ಒರೆಸಿಕೊಂಡು, ‘ಹಾಗಾದ್ರೆ ಅವರ ಟ್ರೈನಿಂಗ್ ಮುಗಿಯೋವರ್ಗೂ ನೀವು ಮನೇಲಿದ್ದು, ಆಮೇಲೆ ಓದ್ಕೊಳ್ಳಬಹುದಿತ್ತಲ್ಲ’ ಎಂದು ತಣ್ಣಗೆ ಹೇಳಿ, ಅಂಕ ಹಾಕದೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬುದ್ಧಿ ಹೇಳುವ ಹಾಗೆ ಹೇಳಿದರು, ಅದಕ್ಕೇ ಇನ್ನೂ ಕುದಿಯುತ್ತಿದ್ದೇನೆ.

ಬಸ್ ನಿಲ್ದಾಣದ ಹತ್ತಿರ ಗೌತಮಿಯ ಕೈ ಹಿಡಿದು ಎಷ್ಟು ಜೋರಾಗಿ ನಡೆಯುತ್ತಿದ್ದೆನೋ, ‘ಅಪ್ಪಾ, ಕೈ ನೋಯ್ತದೆ’ ಎಂದು ಮೆಲ್ಲಗೆ ಅಂದಳು. ನಿಂತೆ. ಅಲ್ಲಿಯೇ ಹಣ್ಣಿನ ಗಾಡಿಯ ಪಕ್ಕ ಬಾಟಲಿಯಿಂದ ಬಲೂನು ಬಿಚ್ಚಿ ಊದಿ ಕೊಟ್ಟೆ. ಹಲಸೂರು ಸ್ಟೇಷನ್ ಬರುವ ಮೊದಲೇ ಒಡೆದುಹೋಯಿತು, ಅವಳು ಅಳಲಿಲ್ಲ. ನನಗೇ ಅಳು ಬರುವ ಹಾಗಿತ್ತು.

ಶುಕ್ರವಾರ ಸುಮ್ಮನಿರಲಿಲ್ಲ. ಗೌತಮಿಯನ್ನು ಮುನಿವೆಂಕಟಮ್ಮನವರ ಹತ್ತಿರ ಬಿಟ್ಟು ನಮ್ಮ ಕಾಲೇಜಿನ ಪ್ರಿನ್ಸಿಪಾಲ್ ಸುಕನ್ಯ ಮೇಡಂ ಬಳಿ ಹೋದೆ. ಸಾಲೇಹಾ ತಾನಾಗಿಯೇ ಜೊತೆಗೆ ಬಂದಳು. ಮಗುವನ್ನು ತಂದದ್ದು ತಪ್ಪಾದರೆ ಇಬ್ಬರದೂ ತಪ್ಪು, ಅಲ್ಲದಿದ್ದರೆ ಇಬ್ಬರದೂ ಅಲ್ಲ ಎಂದೆ. ನನ್ನ ಧ್ವನಿ ಏರಿತ್ತು. ಮೇಡಂ ಕೇಳಿಸಿಕೊಂಡರು. ಭಗವಂತರಾಯರನ್ನು ಕರೆಸಿದರು. ಅವರು ಕ್ಷಮೆ ಗಿಮೆ ಏನೂ ಕೇಳಲಿಲ್ಲ, ಆದರೆ ‘ಪಾಠ ಚೆನ್ನಾಗೇ ಮಾಡ್ತಾರೆ ಮೇಡಂ, ಅದ್ರಲ್ಲಿ ನಂದೇನೂ ತಕರಾರಿಲ್ಲ’ ಎಂದು ನನ್ನ ಮುಖ ನೋಡದೆ ಹೇಳಿದರು. ನಪಾಸು ಮಾಡುವ ಬದಲು ಮತ್ತೊಂದು ದಿನ ಪಾಠ ಮಾಡಲು ಅವಕಾಶ ಕೊಟ್ಟಿದ್ದಾರೆ. ಗೆದ್ದ ಹಾಗೇನೂ ಅನ್ನಿಸಲಿಲ್ಲ. ಚೆನ್ನಾಗಿ ಮಾಡಿದ ಪಾಠವನ್ನೇ ಇನ್ನೊಂದು ಸಲ ಮಾಡಬೇಕು, ಅಷ್ಟೇ.

ನಿನ್ನ ಮೇಲಿದ್ದ ಸಿಟ್ಟು ಬರೆಯುತ್ತಾ ಬರೆಯುತ್ತಾ ಸ್ವಲ್ಪ ಇಳಿದಿದೆ. ಅಷ್ಟು ದೂರದಲ್ಲಿದ್ದು ನೀನು ಇನ್ನೇನು ತಾನೇ ಕೇಳುತ್ತೀಯ ಎಂದೂ ಅನ್ನಿಸುತ್ತದೆ. ಮೈ ನೋಡಿಕೋ. ಹೊಟ್ಟೆ ತುಂಬ ಉಣ್ಣು, ಪಕ್ಕದ ಹಾಸಿಗೆಯ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ನಿನ್ನ ಮಗಳ ಎರಡು ಮುತ್ತುಗಳನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ, ಎದ್ದಿದ್ದರೆ ಇನ್ನಷ್ಟು ಕೊಡುತ್ತಿದ್ದಳು.

ನಿನ್ನ
ದುರ್ಗೇಶ

ಮತ್ತೊಂದು ಮಾತು: ಆ ಮತ್ತೊಂದು ದಿನ ಯಾವುದೆಂದು ಮೇಲೆ ಬರೆಯಲಿಲ್ಲ, ಫೋನಿನಲ್ಲೂ ನಾಲಿಗೆ ಏಳಲಿಲ್ಲ. ಇಪ್ಪತ್ತೆಂಟು, ಶುಕ್ರವಾರ ಬೆಳಗ್ಗೆ. ನಿನ್ನ ಟ್ರೈನಿಂಗ್ ಮುಗಿಯುವ ಪಾಸಿಂಗ್ ಔಟ್ ಪೆರೇಡಿನ ದಿನವೇ. ಬದಲಾಯಿಸಿ ಎಂದು ಮೇಡಂ ಹತ್ತಿರ ಎರಡು ಸಲ ಬೇಡಿದೆ, ಅದು ತಪ್ಪಿದರೆ ಮುಂದಿನ ವರ್ಷವೇ ಅಂತೆ. ಪರೀಕ್ಷೆ ಹಾಳಾಗಲಿ, ನಿನ್ನ ಹತ್ತಿರ ಬಂದುಬಿಡೋಣ ಎಂದು ನಿನ್ನೆಯೆಲ್ಲ ಅಂದುಕೊಂಡೆ. ಆದರೆ ಹಾಗೆ ಬಂದರೆ ವರ್ಷವಿಡೀ ಅದನ್ನು ನಿನ್ನ ಮುಂದೆ ಎತ್ತಿ ಆಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೆ ನಾನು ಬರುವುದಿಲ್ಲ ಕಾವೇರಿ, ಪಾಠ ಮಾಡುತ್ತೇನೆ. ನಿನ್ನ ಅಣ್ಣ ಬಸಣ್ಣನ ಜೊತೆ ಮಾತಾಡಿದ್ದೇನೆ, ಅವನು ಇಲ್ಲಿಗೆ ಬಂದು ಗೌತಮಿಯನ್ನು ಅಲ್ಲಿಗೆ ಕರೆದುಕೊಂಡು ಬರುತ್ತಾನೆ. ಇಷ್ಟು ತಿಂಗಳಾದ ಮೇಲೆ, ಆ ಟೋಪಿ, ಖಾಕಿ, ಕತ್ತರಿಸಿದ ಕೂದಲು ನೋಡಿ ಅವಳಿಗೆ ನಿನ್ನ ಗುರುತು ಸಿಗದೇ ಇರಬಹುದು. ಮಾವನ ಹಿಂದೆ ಅಡಗಿಕೊಂಡರೆ ಬೇಸರ ಮಾಡಿಕೊಳ್ಳಬೇಡ. ಹತ್ತಿರ ಹೋಗುವ ಮೊದಲು ದೂರದಿಂದಲೇ ಅವಳ ಹೆಸರು ಹಿಡಿದು ಒಮ್ಮೆ ಕೂಗು. ನಿನ್ನ ಧ್ವನಿ ಅವಳಿಗೆ ಗೊತ್ತಿದೆ.