ಬಾಯಿ ಮುಚ್ಚಿದ ಫೋಟೋ ನೋಡಿ ಬಾಯೊಳಗಿನ ಕಾಯಿಲೆ ವಾಸಿಯಾಯಿತೆಂದು ಬರೆದವರಿಗೆ

ಮಕ್ಕಳ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಕೊಡುವ ಕಿಟಕಿಯ ಎದುರಿಗೆ, ಬಾಗಿಲಿನಷ್ಟು ಎತ್ತರದ ಪೋಸ್ಟರ್ ಒಂದನ್ನು ಹಾಕಿದ್ದೀರಿ. ಎರಡು ಜಡೆ, ಹಳದಿ ಅಂಗಿ, ತುಟಿ ಒತ್ತಿ ಹಿಡಿದ ಸಣ್ಣ ನಗು. ಕೆಳಗೆ ದಪ್ಪಕ್ಷರದಲ್ಲಿ ‘ಲೇಸರ್ ಚಿಕಿತ್ಸೆ: ಸಂಪೂರ್ಣ ಗುಣ’ ಎಂದಿದೆ. ಆ ಹುಡುಗಿ ನನ್ನ ಮಗಳು. ಅವಳಿಗೆ ಗುಣವಾಗಿಲ್ಲ.

ಈ ಪತ್ರ ಓದುವ ಉಳಿದವರಿಗೆ ವಿಷಯ ತಿಳಿಯಲಿ ಎಂದು ಹೇಳುತ್ತೇನೆ. ಅವಳಿಗೆ ಐದು ವರ್ಷ. ಮನೆಯಲ್ಲಿ ಬಟಾಣಿ ಎನ್ನುತ್ತೇವೆ. ಹುಟ್ಟುವಾಗಲೇ ಎಡಗೆನ್ನೆಯ ಒಳಭಾಗದಲ್ಲಿ ಮತ್ತು ನಾಲಿಗೆಯ ಎಡ ಅಂಚಿನಲ್ಲಿ ಅವಳ ರಕ್ತನಾಳಗಳು ಸರಿಯಾಗಿ ಹೆಣೆದುಕೊಂಡಿರಲಿಲ್ಲ. ನೇರಳೆ ಬಣ್ಣದ ಮೆತ್ತನೆಯ ಗಂಟುಗಳು. ಒತ್ತಿದರೆ ತಗ್ಗುತ್ತವೆ, ಅತ್ತರೆ ಊದುತ್ತವೆ, ಹಲ್ಲು ತಾಗಿದರೆ ರಕ್ತ ಸುರಿಯುತ್ತದೆ. ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ, ಯಾರ ತಪ್ಪೂ ಅಲ್ಲ. “ಬಸುರಿಯಿದ್ದಾಗ ಏನು ತಿಂದಿದ್ದೆಯೋ ತಾಯಿ” ಎಂದು ನನ್ನ ಗಂಡನ ಚಿಕ್ಕಮ್ಮ ಇಂದಿಗೂ ಕೇಳುತ್ತಾರೆ, ಅದು ಬೇರೆ ಮಾತು. ಬಟಾಣಿ ಮಾತ್ರ ಅವುಗಳನ್ನು ದ್ರಾಕ್ಷಿ ಎಂದು ಕರೆಯುತ್ತಾಳೆ. “ಅಮ್ಮಾ, ಇವತ್ತು ನನ್ನ ದ್ರಾಕ್ಷಿ ದಪ್ಪ ಆಗಿದೆ” ಎಂದು ಬೆಳಗಿನ ವರದಿ ಒಪ್ಪಿಸುತ್ತಾಳೆ.

ನಿಮ್ಮ ಲೇಸರ್ ವೈದ್ಯರು ನಮ್ಮನ್ನು ಕೂರಿಸಿಕೊಂಡು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದ್ದರು. ಒಟ್ಟು ನಾಲ್ಕು ಸಲ; ಮೊದಲೆರಡು ಕೆನ್ನೆಗೆ, ಆಮೇಲಿನೆರಡು ನಾಲಿಗೆಗೆ. “ಒಂದೇ ಸಲಕ್ಕೆ ಎಲ್ಲಾ ಮಾಡಿದ್ರೆ ನಾಲಿಗೆ ಊದಿ ಉಸಿರಿಗೇ ಕಷ್ಟ ಆಗತ್ತಮ್ಮ. ಪೂರ್ತಿ ಮಾಯ ಮಾಡ್ತೀನಿ ಅಂತ ನಾನು ಹೇಳಲ್ಲ. ಆದ್ರೆ ಅರ್ಧಕ್ಕೆ ಬಿಟ್ರೆ ಮತ್ತೆ ತುಂಬ್ಕೊಳ್ಳತ್ತೆ” ಎಂದಿದ್ದರು. ಅದೇ ವಾರ ನೀವೇ ವಾರ್ಡಿಗೆ ಬಂದಿರಿ. ನನ್ನ ಕಣ್ಣು ನೋಡಿ ನಿಂತಿರಿ. “ಭಯ ಬೇಡಮ್ಮ. ಈ ಮಗು ಇನ್ಮೇಲೆ ನಮ್ಮನೆ ಮಗು. ಮಧ್ಯದಲ್ಲಿ ಕೈ ಬಿಡೋ ಮಾತೇ ಇಲ್ಲ” ಎಂದಿರಿ. ತರಕಾರಿಯವನ ತಕ್ಕಡಿಯನ್ನೂ ನಂಬದ ನಾನು, ಪದವಿ ಓದಿದ ನಾನು, ಆ ಮಾತನ್ನು ನಂಬಿ ಅತ್ತುಬಿಟ್ಟೆ. ನಿಮಗೆ ನೆನಪಿರಲಿಕ್ಕಿಲ್ಲ. ದಿನಕ್ಕೆ ಎಷ್ಟು ಮಕ್ಕಳನ್ನು ಹೀಗೆ ಮನೆಗೆ ಸೇರಿಸಿಕೊಳ್ಳುತ್ತೀರೋ!

ಎರಡು ಸಲ ಲೇಸರ್ ಆಯಿತು. ಕೆನ್ನೆ ಇಳಿಯಿತು, ನಿಜ. ಅದಕ್ಕೆ ನಿಮ್ಮ ವೈದ್ಯರಿಗೆ ಕೈಮುಗಿಯುತ್ತೇನೆ. ಮೂರನೆಯ ಸರದಿಯ ದಿನ ಏಳು ಗಂಟೆಗೆಲ್ಲ ವಾರ್ಡಿನ ಬಾಗಿಲಲ್ಲಿದ್ದೆವು. ಸಿಸ್ಟರ್ ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದರು.

“ನಿಮ್ಮ ಮಗುದು ಮುಗೀತಲ್ಲಮ್ಮ. ಹೆಸರೇ ಇಲ್ಲ ಇಲ್ಲಿ.”

“ಎಲ್ಲಿ ಮುಗೀತು ಸಿಸ್ಟರ್? ನಾಲಿಗೇದು ಇನ್ನೂ ಶುರೂನೇ ಆಗಿಲ್ಲ.”

“ಕೆಳಗೆ ಅಷ್ಟು ದೊಡ್ಡ ಫೋಟೋ ಹಾಕಿದಾರೆ, ನೋಡಿಲ್ವಾ?”

ಬಟಾಣಿ ತಾನಾಗಿಯೇ ‘ಆ’ ಎಂದು ನಾಲಿಗೆ ಚಾಚಿದಳು. ಸಿಸ್ಟರ್ ಬಗ್ಗಿ ನೋಡಿ “ಅಯ್ಯೋ ಕಂದಾ” ಎಂದರು. ಆಮೇಲೆ ಮತ್ತೆ ಪಟ್ಟಿ ನೋಡಿದರು. ಕಣ್ಣಿಗಿಂತ ಪಟ್ಟಿ ದೊಡ್ಡದಾಯಿತು. ಅವರನ್ನು ದೂರುವುದಿಲ್ಲ, ಅದು ನೀವು ಕಲಿಸಿದ ಪಾಠ.

ಕೆಳಗಿಳಿದು ಪೋಸ್ಟರ್ ಮುಂದೆ ನಿಂತೆವು. “ಅಮ್ಮಾ, ಈ ಹುಡುಗಿ ದ್ರಾಕ್ಷಿ ಹೋಯ್ತಾ?” ಎಂದಳು. “ಅದು ನೀನೇ ಕಣೇ” ಎಂದೆ. ಸ್ವಲ್ಪ ಹೊತ್ತು ನೋಡಿ, “ಅಲ್ಲ, ಇವಳಿಗೆ ವಾಸಿ ಆಗಿದೆ” ಎಂದಳು.

ಇದು ಹೇಗಾಯಿತೆಂದು ತಿಳಿಯಲು ನನಗೆ ಹನ್ನೊಂದು ದಿನ ಬೇಕಾಯಿತು. ಲೇಸರ್ ಯಂತ್ರ ಒಂದೇ, ಕಾಯುವ ಮಕ್ಕಳು ಬಹಳ. ಆದ್ದರಿಂದ ಯಾರಿಗೆ ಚಿಕಿತ್ಸೆ ಮುಂದುವರಿಸಬೇಕೆಂದು ನಿಮ್ಮ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುತ್ತದೆ. ಸಮಿತಿ ಮಗುವನ್ನು ನೋಡುವುದಿಲ್ಲ. ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಫೋಟೋ ನೋಡುತ್ತದೆ. ಆ ಫೋಟೋ ತೆಗೆಯುವುದು ನೋಂದಣಿ ಕೌಂಟರಿನಲ್ಲಿ. ಅಲ್ಲಿ ಗುರುತಿನ ಚೀಟಿಯ ನಿಯಮ: ಎರಡೂ ಕಿವಿ ಕಾಣಬೇಕು, ತುಟಿ ಮುಚ್ಚಿರಬೇಕು. ಕಾಲಿನ ಗಾಯಕ್ಕೂ ಅದೇ ನಿಯಮವೋ ನನಗೆ ತಿಳಿಯದು. ಬಾಯೊಳಗಿನ ಕಾಯಿಲೆಗಂತೂ ಅದೇ. ಹೊರಗಿನಿಂದ ಕೆನ್ನೆ ಸಮನಾಗಿ ಕಂಡಿತು. ‘ಗುಣಮುಖ’ ಎಂದು ಬರೆದಿರಿ, ಅದೇ ಫೋಟೋವನ್ನು ಪೋಸ್ಟರಿಗೂ ಏರಿಸಿದಿರಿ. ಇನ್ನೆರಡು ಸಲ ಬೇಕೆಂದು ಲೇಸರ್ ವೈದ್ಯರು ಬರೆದ ಟಿಪ್ಪಣಿ ಅದೇ ಕಡತದಲ್ಲಿತ್ತು. ಚಿತ್ರ ಸಿಕ್ಕಿದ ಮೇಲೆ ಅಕ್ಷರ ಯಾರು ಓದುತ್ತಾರೆ?

ಇಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ಆ ‘ನಂತರ’ದ ಫೋಟೋ ತೆಗೆದ ದಿನ ಬಟಾಣಿ ಕ್ಯಾಮೆರಾ ಮುಂದೆ ಅಭ್ಯಾಸಬಲದಿಂದ ಬಾಯಿ ಅಗಲಿಸಿ ಕೂತಿದ್ದಳು. ಎರಡು ವರ್ಷ ಕಂಡಕಂಡ ವೈದ್ಯರಿಗೆಲ್ಲ ‘ಆ’ ಎಂದ ಮಗು ಅದು. “ಮುಚ್ಚಮ್ಮ ಪುಟ್ಟಾ” ಎಂದರು ಕ್ಯಾಮೆರಾ ಹಿಡಿದವರು. ಅವಳು ಮುಚ್ಚಲಿಲ್ಲ. ನಾನೇ ಗಲ್ಲ ಹಿಡಿದು ಮುಚ್ಚಿಸಿದೆ. ಅಷ್ಟೇ ಅಲ್ಲ, ಹುಟ್ಟಿದ ಮೇಲೆ ಮೊದಲ ಬಾರಿ ಮಗಳ ಕೆನ್ನೆ ಎರಡೂ ಒಂದೇ ಸಮ ಕಂಡ ಆ ಫೋಟೋವನ್ನು ಕೇಳಿ ಪಡೆದು ಬಂಧುಬಳಗಕ್ಕೆಲ್ಲ ಕಳಿಸಿದೆ. “ಹೋಯ್ತಲ್ಲ ಪೀಡೆ, ಇನ್ನೇನು ಬಿಡು” ಎಂದರು ಅತ್ತೆ. ಒಂದು ದಿನದ ಮಟ್ಟಿಗೆ ನಾನೂ ಹಾಗೇ ಅಂದುಕೊಂಡೆ. ಆದರೆ ನಾನು ತಾಯಿ, ಆಸೆಗೆ ಬಿದ್ದೆ. ನೀವು ವೈದ್ಯರು. ನಿಮಗೇನಾಗಿತ್ತು?

ಸರಿಪಡಿಸಲು ಓಡಾಡಿದ್ದನ್ನೂ ಕೇಳಿ. ಸಮಿತಿ ಮುಚ್ಚಿದ ಕಡತವನ್ನು ತೆರೆಯುವುದು ತಮ್ಮ ಕೈಯಲ್ಲಿಲ್ಲ ಎಂದರು ಲೇಸರ್ ವೈದ್ಯರು. ಕಡತದ ಗುಮಾಸ್ತೆಯವರು ಕೆಟ್ಟವರಲ್ಲ. “ಫೈಲ್ ಮತ್ತೆ ಓಪನ್ ಮಾಡ್ಬೇಕಂದ್ರೆ ಹೊಸ ಫೋಟೋ ಬೇಕು ಮೇಡಂ. ಅದ್ರಲ್ಲಿ ಕಾಯಿಲೆ ಕಾಣ್ಬೇಕು” ಎಂದರು. ಫೋಟೋ ಕೌಂಟರಿಗೆ ಹೋದೆ. “ಬಾಯಿ ತೆರೆದ್ರೆ ಕಂಪ್ಯೂಟರ್ ತಗೊಳಲ್ಲಮ್ಮ, ನಾನೇನ್ ಮಾಡ್ಲಿ” ಎಂದರು ಅವರು. ಮತ್ತೆ ಗುಮಾಸ್ತೆ, ಮತ್ತೆ ಕೌಂಟರ್. ಮೂರನೇ ಸಲಕ್ಕೆ ಗುಮಾಸ್ತೆಯವರೇ ನಕ್ಕು, “ಕೆನ್ನೆ ಮತ್ತೆ ಊದ್ಲಿ ಬಿಡಿ ಮೇಡಂ, ಆಗ ತಾನಾಗೇ ಕಾಣತ್ತೆ” ಎಂದರು. ತಮಾಷೆಗೇ ಅಂದರು. ಆದರೆ ನಿಮ್ಮ ನಿಯಮದ ಸಾರಾಂಶವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಕೊನೆಗೆ ನಿಮ್ಮ ಕೊಠಡಿಯ ಹೊರಗೆ ಕೂತೆವು. ನೀವು ಹೊರಬಂದಿರಿ. ಬಟಾಣಿಯನ್ನು ನೋಡಿದಿರಿ, ಗುರುತೂ ಹಿಡಿದಿರಿ. “ಓ! ನಮ್ಮ ಪೋಸ್ಟರ್ ಹುಡುಗಿ!” ಎಂದು ಕೆನ್ನೆ ಸವರಿದಿರಿ. “ಸರ್, ನಾಲಿಗೇದು...” ಎಂದು ನಾನು ಶುರುಮಾಡಿದೆ. “ಆಫೀಸಲ್ಲಿ ಹೇಳಿ, ನೋಡ್ತಾರೆ” ಎಂದಿರಿ. ಅಷ್ಟರಲ್ಲಿ ಮಗು ಕತ್ತೆತ್ತಿ ಬಾಯಿ ತೆರೆದಿತ್ತು. ನೀವು ಲಿಫ್ಟಿನೊಳಗಿದ್ದಿರಿ.

ಗುರುತೇ ಹಿಡಿಯದೆ ಹೋಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಕಳೆದ ಸೋಮವಾರ ಶಾಲೆಯಲ್ಲಿ ಗೆಳತಿಯ ಮಾತಿಗೆ ಜೋರಾಗಿ ನಗುವಾಗ ಹಲ್ಲು ನಾಲಿಗೆಯ ಗಂಟಿಗೆ ತಾಗಿತು. ಮೇಷ್ಟ್ರಮ್ಮ ಫೋನ್ ಮಾಡಿದರು. ನಾನು ಹೋದಾಗ ಹಳದಿ ಅಂಗಿಯ ಮುಂಭಾಗ ಪೂರ್ತಿ ಕೆಂಪಾಗಿತ್ತು. ಅರ್ಧ ಗಂಟೆ ಬಟ್ಟೆ ಒತ್ತಿ ಹಿಡಿದ ಮೇಲೆ ನಿಂತಿತು. ಅಂದಿನಿಂದ ಅವಳು ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ, ಎಡಕ್ಕೆ ಅಗಿಯುವುದಿಲ್ಲ. ನಿದ್ದೆಯಲ್ಲಿ ಕಚ್ಚಿಕೊಂಡಾಳೆಂದು ನಾನು ನಿದ್ದೆ ಬಿಟ್ಟಿದ್ದೇನೆ. ನಿನ್ನೆ ಜಡೆ ಹಾಕುವಾಗ ಕೇಳಿದಳು: “ಲೇಸರ್ ಮಾಮ ನನ್ನ ಯಾಕೆ ಕರೀತಿಲ್ಲ? ನಾನು ಅತ್ತಿದ್ದಕ್ಕಾ?” ಈ ಪ್ರಶ್ನೆಗೆ ನಿಮ್ಮ ಸಮಿತಿಯ ಉತ್ತರವೇನು? ಐದು ವರ್ಷದವಳಿಗೆ ಅರ್ಥವಾಗುವಂತೆ ಹೇಳಬಲ್ಲಿರಾ?

ನನಗೆ ಕ್ಷಮಾಪಣೆ ಬೇಡ, ತನಿಖೆಯೂ ಬೇಡ. ಬಾಯಿಯ ಕಾಯಿಲೆಯ ಯಾವ ಮಗುವಿನ ಕಡತವನ್ನೂ ಯಾರಾದರೊಬ್ಬರು ಟಾರ್ಚ್ ಹಿಡಿದು ಒಳಗೆ ನೋಡದೆ ಮುಚ್ಚಬಾರದು. ಇದೊಂದು ಸಾಲನ್ನು ಸಹಿ ಹಾಕಿ ಆದೇಶ ಮಾಡಿ. ಮತ್ತು ಮುಂದಿನ ಗುರುವಾರ, ಲೇಸರ್ ನಡೆಯುವ ದಿನ, ನಾನು ಮಗಳನ್ನು ಕರೆದುಕೊಂಡು ಬರುತ್ತೇನೆ. ಅರಿವಳಿಕೆ ಕೊಡುವುದಿದ್ದರೆ ಹೊಟ್ಟೆ ಖಾಲಿಯಿರಬೇಕು. ಹಿಂದಿನ ಸಲ ಅವಳನ್ನು ಸುಮ್ಮನೆ ಉಪವಾಸ ಕರೆತಂದು ಉಪವಾಸವೇ ವಾಪಸು ಕರೆದೊಯ್ದೆ. ಈ ಸಲ ಬುಧವಾರ ಸಂಜೆಯೊಳಗೆ ಹೇಳಿಕಳಿಸಿ: ಬೆಳಗ್ಗೆ ಅವಳಿಗೆ ಹಾಲು ಕೊಡಲೋ, ಬೇಡವೋ?

ಇಂತಿ,
ನಿಮ್ಮ ಮಾತಿಗೂ ನಿಮ್ಮ ಕ್ಯಾಮೆರಾಕ್ಕೂ ಒಟ್ಟಿಗೇ ಮರುಳಾದ
ಒಬ್ಬ ತಾಯಿ