ನಾಗನ ಹರಕೆಗೆ ಹುಣ್ಣು ಮಾಗಿತೆಂದು ನಂಬಿದ ನಿಶ್ಮಿತಾಳಿಗೆ

ಉಡುಪಿ
ಇಸವಿ ಎರಡು ಸಾವಿರದ ನೂರ ನಲವತ್ತೆಂಟು, ಎರಡನೇ ಆಟಿ, ಮೂವತ್ತೆಂಟನೇ ದಿನ

ನಿಶ್ಮಿತಾ,

ತಾರೀಕು ನೋಡಿ ಗಾಬರಿಯಾಗಬೇಡ. ಮಳೆಗಾಲ ಉದ್ದವಾದ ಮೇಲೆ ನಮಗೆ ಆಟಿ, ಅಂದರೆ ಆಷಾಢದ ಮಳೆ ತಿಂಗಳು, ಎರಡು; ಒಂದೊಂದಕ್ಕೂ ನಲವತ್ತು ದಿನ. ನಾನು ದೇಯಿ, ನನ್ನ ಅಜ್ಜಿಯ ಅಜ್ಜಿ ನಿನ್ನ ತಂಗಿ. ಈ ಕಾಗದ ಮುಟ್ಟುವಾಗ ನೀನಿನ್ನೂ ಬಿ.ಕಾಂ. ಓದುವ ಹುಡುಗಿ. ಹಾಗಾಗಿ ಏಕವಚನ, ಬೈಗುಳ ಎರಡನ್ನೂ ಕ್ಷಮಿಸು. ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ, ನಮ್ಮಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನನ್ನದನ್ನು ನಿನಗೆ ಬರೆಯುತ್ತಿದ್ದೇನೆ.

ಗುಪ್ತಾಂಗದಲ್ಲಿ ಎದ್ದ ಹುಣ್ಣನ್ನು ನೀನು ನಾಗದೋಷ ಅಂದುಕೊಂಡೆ. ನೋವಿಲ್ಲ, ತುರಿಕೆಯಿಲ್ಲ, ದೋಷವಲ್ಲದೆ ಮತ್ತೇನು ಎಂದು ಉಪವಾಸ ಹಿಡಿದೆ, ನಾಗನ ಕಲ್ಲಿಗೆ ಹಾಲೆರೆದೆ. ಹುಣ್ಣು ಮಾಯವಾಯಿತು. ಈಗ ನಿಶ್ಚಿಂತೆಯಿಂದ ಮದುವೆ ಸೀರೆ ಆರಿಸುತ್ತಾ ಕೂತಿದ್ದೀ. ಅಯ್ಯೋ ಮಾರಾಯ್ತಿ, ಅದು ಸಿಫಿಲಿಸ್! ಮೊದಲ ಹುಣ್ಣು ಹಾಲೆರೆದರೂ ಎರೆಯದಿದ್ದರೂ ತಾನಾಗಿ ಮಾಗುತ್ತದೆ. ರೋಗ ಒಳಗೇ ಕೂತಿರುತ್ತದೆ. ಇದನ್ನೆಲ್ಲ ಹೇಳಲು ಡಾಕ್ಟರಮ್ಮ ನಿಮ್ಮ ಕಾಲೇಜಿಗೆ ಬರುವವರಿದ್ದರು. ಧರ್ಮಕ್ಕೆ ವಿರುದ್ಧ, ಮಕ್ಕಳು ಹಾಳಾಗುತ್ತಾರೆ ಎಂದು ಊರಿನ ಕೆಲವರು ಗದ್ದಲವೆಬ್ಬಿಸಿ ತಪ್ಪಿಸಿದರು. ಆ ಗದ್ದಲದಲ್ಲಿ ನೀನೂ ಕೂಗಿದವಳೇ.

ನಮ್ಮಲ್ಲಿ ಕಾಲೇಜಿನ ಮೊದಲ ವಾರವೇ ಮೈಪಾಠ. ಮೈಯ ವಿಷಯವನ್ನು ಹುಡುಗ ಹುಡುಗಿಯರಿಗೆ ಮುಚ್ಚುಮರೆಯಿಲ್ಲದೆ ಹೇಳುವ ತರಗತಿ ಅದು. ಭಟ್ಟರು, ಮೌಲವಿ, ಪಾದ್ರಿ ಮೂವರೂ ಮುಂದಿನ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಾ ತಾವೂ ಪ್ರಶ್ನೆ ಕೇಳುತ್ತಾರೆ. ಹುಣ್ಣು ಹೊತ್ತು ನಾಗಬನಕ್ಕೆ ಬಂದವರನ್ನು ಭಟ್ಟರೇ ಮೊದಲು ಆಸ್ಪತ್ರೆಗೆ ಅಟ್ಟುತ್ತಾರೆ, ಪೂಜೆ ಆಮೇಲೆ. ಇದಕ್ಕೆ ನಾಗನೇನೂ ಮುನಿಯಲಿಲ್ಲ. ದೇವರಿಗೆ ಇಷ್ಟು ಸಣ್ಣ ಮನಸ್ಸೆಂದು ನಿಮಗೆ ಹೇಳಿಕೊಟ್ಟವರು ಯಾರೋ!

ನನಗೆ ಹೆದರಿಕೆಯಾಗುತ್ತಿದೆ, ನಿಶ್ಮಿತಾ. ಈ ಕಾಗದ ಮದುವೆಗೆ ಮೊದಲು ಮುಟ್ಟೀತೋ ಇಲ್ಲವೋ. ಮುಟ್ಟಿದರೆ ಇವತ್ತೇ ಆಸ್ಪತ್ರೆಗೆ ಹೋಗು. ಈಗಾದರೆ ಒಂದು ಚುಚ್ಚುಮದ್ದಿಗೆ ಹೋಗುವ ರೋಗ. ನೀನು ಮದುವೆಯಾಗಲಿರುವ ಆ ಶೈಲೇಶನನ್ನೂ ಎಳೆದುಕೊಂಡು ಹೋಗು. ಮುಖ ಊದಿಸಿದರೆ ಊದಿಸಲಿ. ಈ ಕಾಗದ ಮುಟ್ಟದೆ ನಡೆದುಹೋದ ಕತೆಯಲ್ಲಿ, ಮರ್ಯಾದೆ ಹೋಗುತ್ತದೆಂದು ನೀನು ಹುಣ್ಣಿನ ಸುದ್ದಿಯನ್ನು ಯಾವ ಡಾಕ್ಟರಿಗೂ ಹೇಳಲಿಲ್ಲ. ನಿಜ ಏನೆಂದು ಡಾಕ್ಟರು ಹೇಳುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಅಲ್ಲಿಯವರೆಗೂ ನಾಗನ ಶಾಪ ಹೊತ್ತವಳೆಂದು ಮನೆಯವರೆಲ್ಲ ನಿನ್ನನ್ನೇ ಹಳಿದರು.

ಆ ರೋಗದಿಂದ ನಿನ್ನ ಹೊಟ್ಟೆಯಲ್ಲೇ ತೀರಿಹೋದ ಕೂಸುಗಳಿಗೆ ನಮ್ಮ ಮನೆಯಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ಹೆಸರೇ ಇಡದ ಮಕ್ಕಳು, ಊಟಕ್ಕೆ ಏನೆಂದು ಕರೆಯುವುದು? ನಾಳೆ ಎಡೆ ಇಡುವ ಸರದಿ ನನ್ನದು. ಅದು ನನಗೆ ತಪ್ಪುವ ಹಾಗೆ ಮಾಡು.

ದೇಯಿ